ತೋಟದ ಮನೆಗೆ ಮಳೆನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿನ ನಲ್ಲಿ ತಲುಪದ ಹೊಲಮನೆ, ತೋಟದ ಮನೆಗಳಲ್ಲಿ ಮಳೆನೀರನ್ನು ಮನೆಬಳಕೆಗೆ ಹಿಡಿದಿಡುವ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರದಲ್ಲಿರುವ ಲೆಕ್ಕ ಉಳಿದವರಿಗೂ ಬೇಕಾಗುವುದರಿಂದ ಅದನ್ನು ವಿಸ್ತಾರವಾಗಿ ಬರೆಯಲಾಗಿದೆ.

ಪ್ರಶ್ನೆ: ನಾವು ಪಾವಗಡ ತಾಲ್ಲೂಕಿನವರು. ಊರಿನಿಂದ ದೂರದಲ್ಲಿ ಹೊಲದಲ್ಲೇ ಮನೆ ಕಟ್ಟಿಕೊಂಡು ಐದು ಮಂದಿ ಇದ್ದೇವೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಇದೆ ಎಂದು ಪರೀಕ್ಷೆಯ ವರದಿ ಬಂದಿದೆ. ಮನೆಯಲ್ಲಿ ಮೂರು ಮತ್ತು ಆರು ವರ್ಷದ ಇಬ್ಬರು ಮಕ್ಕಳಿದ್ದಾರೆ. ಕುಡಿಯುವುದಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ಬೈಕಿನಲ್ಲಿ ಕ್ಯಾನು ತರುತ್ತೇವೆ, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸುತ್ತೇವೆ. ನಮ್ಮ ತಾರಸಿ 90 ಚದರ ಮೀಟರ್ ಇದೆ. ವರ್ಷವಿಡೀ ಮಳೆನೀರಿನಲ್ಲೇ ಸಂಸಾರ ನಡೆಸಬಹುದೇ? ಮೇಸ್ತ್ರಿಯವರು 50,000 ಲೀಟರಿನ ಸಂಪು ಕಟ್ಟಬೇಕು ಎನ್ನುತ್ತಾರೆ. ಅಷ್ಟು ಹಣ ನಮ್ಮಲ್ಲಿಲ್ಲ.

ಉತ್ತರ: ಎಲ್ಲ ಬಳಕೆಗೂ ಸಾಲುವುದಿಲ್ಲ. ಆದರೆ ಕುಡಿಯುವುದಕ್ಕೂ ಅಡುಗೆಗೂ ವರ್ಷಪೂರ್ತಿ ಸಾಲುತ್ತದೆ. ಅದಕ್ಕೆ 50,000 ಲೀಟರಿನ ಸಂಪು ಬೇಕಾಗಿಲ್ಲ, 10,000 ಲೀಟರಿನದು ಸಾಕು. ಹೇಗೆಂದು ಲೆಕ್ಕ ಹಾಕೋಣ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಸಿಮೆಂಟಿನ ತಾರಸಿಯಲ್ಲಿ ಒಂದಷ್ಟು ಇಂಗಿ, ಒಂದಷ್ಟು ಆವಿಯಾಗಿ, ಒಂದಷ್ಟು ಸಿಡಿದು ಹೋಗುವುದರಿಂದ ಬಿದ್ದದ್ದರಲ್ಲಿ ಸುಮಾರು ಶೇಕಡಾ 80ರಷ್ಟು ಕೈಗೆ ಸಿಗುತ್ತದೆ ಎಂದು ಇಟ್ಟುಕೊಳ್ಳಬಹುದು. ನಿಮ್ಮ ಸೀಮೆಯಲ್ಲಿ ಸಾಧಾರಣ ವರ್ಷದಲ್ಲಿ 550 ಮಿಲಿಮೀಟರ್ ಮಳೆಯೆಂದು ಹಿಡಿದರೆ 90 ಚದರ ಮೀಟರ್ ತಾರಸಿಯಿಂದ 39,600 ಲೀಟರ್ ಬರುತ್ತದೆ. ಮಳೆ ಕೈಕೊಟ್ಟು 350 ಮಿಲಿಮೀಟರ್ ಮಾತ್ರ ಬಿದ್ದರೂ 25,200 ಲೀಟರ್ ಸಿಗುತ್ತದೆ. ಯೋಜನೆಯನ್ನು ಸದಾ ಕೆಟ್ಟ ವರ್ಷದ ಲೆಕ್ಕಕ್ಕೇ ಮಾಡಬೇಕು, ಏಕೆಂದರೆ ನೀರು ಹೆಚ್ಚು ಬೇಕಾಗುವುದು ಆ ವರ್ಷದಲ್ಲೇ.

ಇನ್ನು ಖರ್ಚಿನ ಕಡೆ. ಗ್ರಾಮೀಣ ನೀರು ಪೂರೈಕೆಗೆ ಜಲ ಜೀವನ ಮಿಷನ್ ಇಟ್ಟುಕೊಂಡಿರುವ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಆ ಪ್ರಕಾರ ಐವರಿಗೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಬೇಕು, ಅಷ್ಟನ್ನು ನಿಮ್ಮ ತಾರಸಿ ಒಳ್ಳೆಯ ವರ್ಷದಲ್ಲೂ ಕೊಡಲಾರದು. ಆದರೆ ಕುಡಿಯುವುದು, ಮುದ್ದೆ, ಅನ್ನ, ಸಾರು, ಕಾಫಿ, ತರಕಾರಿ ತೊಳೆಯುವುದು ಇಷ್ಟಕ್ಕೆ ಐದು ಜನರ ಮನೆಗೆ ದಿನಕ್ಕೆ 30 ಲೀಟರ್ ಧಾರಾಳವಾಗಿ ಆಗುತ್ತದೆ. ಅದು ವರ್ಷಕ್ಕೆ ಸುಮಾರು 11,000 ಲೀಟರ್. ಬರಗಾಲದ ತಾರಸಿಯೂ ಇದರ ಎರಡರಷ್ಟಕ್ಕಿಂತ ಹೆಚ್ಚು ಕೊಡುತ್ತದೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ, ಶೌಚಾಲಯಕ್ಕೆ ಕೊಳವೆಬಾವಿಯ ನೀರು ಇರಲಿ. ಫ್ಲೋರೈಡ್ ದೇಹಕ್ಕೆ ಹಾನಿ ಮಾಡುವುದು ಹೊಟ್ಟೆಗೆ ಹೋದಾಗಲೇ ಹೊರತು ಚರ್ಮಕ್ಕೆ ತಾಗಿದಾಗ ಅಲ್ಲ.

ತೊಟ್ಟಿಯ ಗಾತ್ರವನ್ನು ನಿರ್ಧರಿಸುವುದು ವರ್ಷದ ಒಟ್ಟು ಮಳೆಯಲ್ಲ, ಎರಡು ಮಳೆಗಳ ನಡುವಿನ ಅತಿ ಉದ್ದದ ಒಣ ಅವಧಿ. ನಿಮ್ಮ ಕಡೆ ಉತ್ತರೆ, ಹಸ್ತ, ಚಿತ್ತ ಮಳೆಗಳಲ್ಲಿ ನೀರು ಹೆಚ್ಚು ಸಿಗುತ್ತದೆ. ವಿಶಾಖ ಮುಗಿದ ಮೇಲೆ, ಅಂದರೆ ನವೆಂಬರ್ ನಡುಭಾಗದಿಂದ ಮೇ ನಡುಭಾಗದವರೆಗೆ, ಮಳೆಯನ್ನು ನಂಬಿಕೊಳ್ಳುವಂತಿಲ್ಲ. ಈ 180 ದಿನಗಳಿಗೆ ದಿನಕ್ಕೆ 30 ಲೀಟರಿನಂತೆ 5,400 ಲೀಟರ್ ಬೇಕು. ಹಬ್ಬಕ್ಕೆ ಬರುವ ನೆಂಟರು, ಕಡಲೆಕಾಯಿ ಕೀಳುವ ಆಳುಗಳು, ಭರಣಿ ಕೃತ್ತಿಕೆ ಮಳೆ ಬಾರದೆ ಜೂನ್‌ವರೆಗೆ ಕಾಯಬೇಕಾಗಿ ಬರುವ ವರ್ಷ, ಇವನ್ನೆಲ್ಲ ಸೇರಿಸಿ 10,000 ಲೀಟರ್ ಎಂದು ಹೇಳಿದ್ದೇನೆ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳದ ತೊಟ್ಟಿ ಸರಿಯಾಗಿ ಅಷ್ಟು ಹಿಡಿಯುತ್ತದೆ. ತುಂಬಿದಾಗಿನ ಗಾಳಿಯ ಜಾಗಕ್ಕೆಂದು ಮೇಲೆ ಒಂದು ಅಡಿ ಹೆಚ್ಚು ಬಿಡಿಸಿಕೊಳ್ಳಿ.

ಮಕ್ಕಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದ ಕಡೆ 1.5ರವರೆಗೆ ಸಹಿಸಬಹುದು. ನಿಮ್ಮ ನೀರಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟಿದೆ. ಗ್ರಾನೈಟ್ ಜಾತಿಯ ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದಲೇ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಸೀಮೆಗಳ ಆಳದ ಕೊಳವೆಬಾವಿಗಳಲ್ಲಿ ಈ ತೊಂದರೆ ಹೆಚ್ಚು. ಶಾಶ್ವತ ಹಲ್ಲುಗಳ ಮೇಲ್ಪದರ ವಸಡಿನೊಳಗೆ ರೂಪುಗೊಳ್ಳುವುದು ಬಹುತೇಕ ಎಂಟು ವರ್ಷದೊಳಗೆ. ಆ ಅವಧಿಯಲ್ಲಿ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಹಲ್ಲಿನಲ್ಲಿ ಕಂದು ಕಲೆಯಾಗಿ ಉಳಿದುಬಿಡುತ್ತದೆ, ಮುಂದೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೆಚ್ಚು ಪ್ರಮಾಣದಲ್ಲಿ ಹಲವು ವರ್ಷ ಕುಡಿದವರಿಗೆ ಮೂಳೆ, ಕೀಲುಗಳು ಬಿಗಿಯುತ್ತವೆ. ನಿಮ್ಮ ಇಬ್ಬರು ಮಕ್ಕಳೂ ಈಗ ಅದೇ ವಯಸ್ಸಿನಲ್ಲಿರುವುದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡದೆ ಈ ಮಳೆಗಾಲಕ್ಕೇ ಮುಗಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದು, ಬ್ಲೀಚಿಂಗ್ ಪುಡಿ ಹಾಕುವುದು, ತಾಮ್ರದ ಬಿಂದಿಗೆಯಲ್ಲಿ ಇಡುವುದು ಇವೂ ಅದನ್ನು ತೆಗೆಯಲಾರವು. ನೀವು ಕ್ಯಾನಿನ ನೀರನ್ನು ಕುಡಿಯುತ್ತ ಅಡುಗೆಗೆ ಕೊಳವೆಬಾವಿಯ ನೀರು ಹಾಕುತ್ತಿದ್ದೀರಿ ಎಂದು ಬರೆದಿದ್ದೀರಿ. ಅನ್ನ, ಮುದ್ದೆ, ಬೇಳೆ ಹೀರಿಕೊಳ್ಳುವ ನೀರೆಲ್ಲ ಹೊಟ್ಟೆಗೇ ಹೋಗುವುದರಿಂದ ಕ್ಯಾನು ಹೊರುವ ಶ್ರಮದ ಫಲ ಬಹುಮಟ್ಟಿಗೆ ಅಲ್ಲೇ ನಷ್ಟವಾಗುತ್ತಿದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಮೊದಲು ಹೋಗಬೇಕಾದದ್ದು ಅಡುಗೆಮನೆಗೆ. ಮೆದು ನೀರಾದ್ದರಿಂದ ಬೇಳೆ ಬೇಗ ಬೇಯುವುದನ್ನು ಮೊದಲ ವಾರದಲ್ಲೇ ಕಾಣುವಿರಿ.

ಇದೇ ಕಾರಣಕ್ಕೆ, ಕೊಳವೆಬಾವಿಯ ಪೈಪನ್ನು ಯಾವ ಕಾರಣಕ್ಕೂ ಈ ತೊಟ್ಟಿಗೆ ಜೋಡಿಸಬೇಡಿ. ‘ಮಳೆನೀರು ಮುಗಿದಾಗ ತುಂಬಿಸಿಕೊಳ್ಳೋಣ’ ಎಂದು ಜೋಡಿಸಿದ ಪೈಪಿನಿಂದ ಒಂದು ಬೇಸಿಗೆಯಲ್ಲಿ ಮೋಟಾರು ಹಾಕಿದರೆ, ಅಂದಿನಿಂದ ತೊಟ್ಟಿಯಲ್ಲಿರುವುದು ಯಾವ ನೀರೆಂದು ಮನೆಯವರಿಗೇ ಗೊತ್ತಾಗುವುದಿಲ್ಲ. ಅಡುಗೆಮನೆಗೆ ಬೇರೆಯದೇ ನಲ್ಲಿ, ಅದಕ್ಕೆ ಬೇರೆಯದೇ ಪೈಪು ಇರಲಿ. ಸಂಪಿನಿಂದ ಎತ್ತಲು ಸಣ್ಣ ಕೈಪಂಪು ಸಾಕು. ಹಗ್ಗ ಕಟ್ಟಿದ ಬಕೆಟ್ಟು ಇಳಿಸುವ ಅಭ್ಯಾಸ ಮಾತ್ರ ಬೇಡ, ತೊಟ್ಟಿಯ ನೀರನ್ನು ಕೆಡಿಸುವುದರಲ್ಲಿ ಅದನ್ನು ಮೀರಿಸುವುದು ಬೇರೊಂದಿಲ್ಲ.

ನೀರಿನ ಗುಣಮಟ್ಟ ತೀರ್ಮಾನವಾಗುವುದು ಮುಖ್ಯವಾಗಿ ತಾರಸಿಯಲ್ಲಿ. ಹೊಲಮನೆಯ ತಾರಸಿಯ ಮೇಲೆ ಕಡಲೆಕಾಯಿ, ಹುಣಸೆಹಣ್ಣು, ಮೆಣಸಿನಕಾಯಿ ಒಣಗುತ್ತವೆ, ಪಾರಿವಾಳ ಕೂರುತ್ತವೆ, ನಾಯಿ ಮಲಗುತ್ತದೆ. ಒಣಗಿಸುವುದನ್ನು ಬಿಡಬೇಕಾಗಿಲ್ಲ. ಆದರೆ ಮಳೆಗಾಲ ಶುರುವಾಗುವ ಮೊದಲು ಇಡೀ ತಾರಸಿಯನ್ನು ಗುಡಿಸಿ ತೊಳೆದು, ಮೆಟ್ಟಿಲಿಗೆ ಬಾಗಿಲು ಹಾಕಿ, ನೀರು ಹಿಡಿಯುವ ತಿಂಗಳುಗಳಲ್ಲಿ ಅದನ್ನು ಅಂಗಳದಂತಲ್ಲದೆ ಅಡುಗೆ ಪಾತ್ರೆಯಂತೆ ನೋಡಿಕೊಳ್ಳಬೇಕು. ಹೊಲಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಬಂದ ಮಳೆಯನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಿಬಿಡಿ.

ಪ್ರತಿ ಮಳೆಯ ಮೊದಲ ನೀರು ತಾರಸಿಯ ಧೂಳನ್ನೂ ಹಿಕ್ಕೆಯನ್ನೂ ತೊಳೆದುಕೊಂಡು ಬರುತ್ತದೆ. ಮೊದಲ ಎರಡು ಮಿಲಿಮೀಟರನ್ನು ಹೊರಗೆ ಬಿಡಬೇಕೆಂದು ಹೇಳುತ್ತೇನೆ. ನಿಮ್ಮ ತಾರಸಿಗೆ ಅದು 180 ಲೀಟರ್ ಆಗುತ್ತದೆ. ಅಂಗಡಿಗಳಲ್ಲಿ ಇದಕ್ಕೆಂದು ಮಾರುವ ನಾಲ್ಕು ಇಂಚಿನ ಪೈಪಿನ ತುಂಡು ಒಂದು ಮೀಟರಿಗೆ ಎಂಟು ಲೀಟರನ್ನಷ್ಟೇ ಹಿಡಿಯುವುದರಿಂದ ನಿಮಗೆ ಏನೂ ಸಾಲದು. 200 ಲೀಟರಿನ ನೀಲಿ ಡ್ರಮ್ಮೊಂದನ್ನು ಇಳಿಪೈಪಿಗೆ ಮೊದಲು ಸಿಗುವಂತೆ ಜೋಡಿಸಿದರೆ, ಅದು ತುಂಬಿದ ಮೇಲೆ ಉಳಿದ ನೀರು ತಾನಾಗಿಯೇ ಮುಂದಿನ ಸೋಸು ತೊಟ್ಟಿಗೆ ಹರಿಯುತ್ತದೆ. ಡ್ರಮ್ಮಿನ ತಳದಲ್ಲಿ ನಲ್ಲಿಯಿರಲಿ. ಮಳೆ ನಿಂತ ಮೇಲೆ ಅದನ್ನು ತೆರೆದು ಗಿಡಗಳಿಗೆ ಬಿಟ್ಟು ಖಾಲಿ ಮಾಡದಿದ್ದರೆ ಮುಂದಿನ ಮಳೆಗೆ ಡ್ರಮ್ಮು ಇದ್ದೂ ಇಲ್ಲದಂತೆ.

ಸೋಸುವುದಕ್ಕೆ ಇನ್ನೊಂದು ಡ್ರಮ್ಮು ಸಾಕು. ತಳದಲ್ಲಿ ದಪ್ಪ ಜೆಲ್ಲಿ, ಅದರ ಮೇಲೆ ಸಣ್ಣ ಜೆಲ್ಲಿ, ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು, ನಡುನಡುವೆ ನೈಲಾನ್ ಬಲೆ ಹಾಕಿ. ಇದ್ದಿಲಿನ ಪದರವನ್ನು ಹಲವರು ಸೂಚಿಸುತ್ತಾರೆ. ಅದು ವಾಸನೆ, ಬಣ್ಣಗಳನ್ನು ಹೀರುವುದು ನಿಜ, ಆದರೆ ಆಗಾಗ ಬದಲಿಸದಿದ್ದರೆ ಅಲ್ಲಿಯೇ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಬದಲಿಸುವೆನೆಂಬ ಖಾತ್ರಿಯಿಲ್ಲದವರು ಇದ್ದಿಲಿಲ್ಲದ ಸೋಸುವಿಕೆಯನ್ನೇ ಇಟ್ಟುಕೊಳ್ಳುವುದು ಲೇಸು. ಮರಳು, ಜೆಲ್ಲಿಗಳನ್ನು ವರ್ಷಕ್ಕೊಮ್ಮೆ, ಯುಗಾದಿಯಾದ ಮೇಲೆ, ಹೊರತೆಗೆದು ತೊಳೆದು ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ.

ತೊಟ್ಟಿಯನ್ನು ನೆಲದೊಳಗೆ ಕಟ್ಟುವುದಾದರೆ ಶೌಚದ ಗುಂಡಿಯಿಂದಲೂ ದನದ ಕೊಟ್ಟಿಗೆ, ತಿಪ್ಪೆಗಳಿಂದಲೂ ಕನಿಷ್ಠ ಹತ್ತು ಹದಿನೈದು ಮೀಟರ್ ದೂರದಲ್ಲಿ, ಅವುಗಳಿಗಿಂತ ಎತ್ತರದ ಜಾಗದಲ್ಲಿ ಕಟ್ಟಿ. ಬಾಯಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿದರೆ ಅಂಗಳದ ನೀರು ಒಳಗೆ ನುಗ್ಗುವುದಿಲ್ಲ. ತುಂಬಿ ಹೆಚ್ಚಾದ ನೀರನ್ನು ಮನೆಯ ತಳಪಾಯದಿಂದ ದೂರವಿರುವ ಇಂಗುಗುಂಡಿಗೆ ಕೊಂಡೊಯ್ಯಿರಿ. ತಾರಸಿಯ ನೀರನ್ನು ನೇರವಾಗಿ ಕೊಳವೆಬಾವಿಯ ಕೇಸಿಂಗಿನೊಳಗೆ ಸುರಿಯುವ ಆಲೋಚನೆಯಿದ್ದರೆ ಬಿಟ್ಟುಬಿಡಿ. ಮೇಲಿನ ಕೊಳೆ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ, ಒಂದು ಮನೆಯ ತಾರಸಿಯ ನೀರಿನಿಂದ ಆಳದ ಬಂಡೆಯ ಫ್ಲೋರೈಡ್ ಮಾನಕದ ಮಟ್ಟಕ್ಕೆ ಇಳಿಯುತ್ತದೆಂದು ನಂಬಿ ಕೂರುವಂತೆಯೂ ಇಲ್ಲ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ನಡುವೆ ನಮ್ಮ ಹಂಚಿನ ಮನೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದೇ ಇಲ್ಲ. ಆದರೂ ಮಾರ್ಚ್ ಕೊನೆಗೆ ಬಾವಿ ತಳ ಕಾಣುತ್ತದೆ. ಆರು ಜನರಿಗೆ ಎರಡೂವರೆ ತಿಂಗಳು ಕಷ್ಟ. ಮಾಡಿನ ನೀರನ್ನು ಹಿಡಿದಿಡಲು ಎಷ್ಟು ದೊಡ್ಡ ತೊಟ್ಟಿ ಬೇಕು? ಹಂಚಿನ ಮೇಲೆ ಪಾಚಿ ಇದೆ.

ಉತ್ತರ: ಪಾವಗಡದವರ ಸಮಸ್ಯೆ ನೀರಿನ ಗುಣದ್ದು, ನಿಮ್ಮದು ನೀರಿನ ಕಾಲದ್ದು. ಇಳಿಜಾರು ಮಾಡಿನ ವಿಸ್ತೀರ್ಣವನ್ನು ಹಂಚಿನ ಮೇಲೆ ಅಳೆಯದೆ, ಸೂರಿನ ಅಂಚು ಸೇರಿಸಿ ನೆಲದ ಮೇಲೆ ಅಳೆಯಿರಿ. ಮಳೆ ಸಿಗುವುದು ಅಷ್ಟೇ ಜಾಗದ್ದು. ಅದು 150 ಚದರ ಮೀಟರ್ ಎಂದಿಟ್ಟುಕೊಂಡು, 2,500 ಮಿಲಿಮೀಟರ್ ಮಳೆಯಲ್ಲಿ ಶೇಕಡಾ 75ರಷ್ಟು ಹಿಡಿದರೂ ಎರಡೂ ಮುಕ್ಕಾಲು ಲಕ್ಷ ಲೀಟರಿಗೂ ಹೆಚ್ಚು ಬರುತ್ತದೆ. ಅದರಲ್ಲಿ ಬಹುಪಾಲು ನೀರು ನಿಮ್ಮ ಬಾವಿ ತುಂಬಿ ತುಳುಕುವ ಕಾಲದಲ್ಲೇ ಬೀಳುವುದರಿಂದ ಅದನ್ನು ಕೂಡಿಡಲು ಹೋಗುವುದು ವ್ಯರ್ಥ ಖರ್ಚು.

ಬಾವಿಯಲ್ಲಿ ಸ್ನಾನ, ದನಕರುಗಳಿಗಾಗುವಷ್ಟು ಒರತೆ ಬೇಸಿಗೆಯಲ್ಲೂ ಉಳಿಯುತ್ತದೆ ಎಂದಾದರೆ, ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 35 ಲೀಟರಿನಂತೆ 75 ದಿನಕ್ಕೆ 2,600 ಲೀಟರ್ ಮಾತ್ರ ಬೇಕು. 5,000 ಲೀಟರಿನ ತೊಟ್ಟಿ ನಿಮ್ಮನ್ನು ನೆಮ್ಮದಿಯಾಗಿ ದಾಟಿಸುತ್ತದೆ. ಬಾವಿ ಪೂರ್ತಿ ಬತ್ತುವುದಾದರೆ ಒಬ್ಬರಿಗೆ 55 ಲೀಟರಿನ ಲೆಕ್ಕದಲ್ಲಿ 25,000 ಲೀಟರ್ ಬೇಕಾಗುತ್ತದೆ. ಆ ಖರ್ಚನ್ನು ಮಾಡುವ ಮೊದಲು ಸೋಸಿದ ಮಾಡಿನ ನೀರನ್ನು ಬಾವಿಯ ಸುತ್ತಲಿನ ನೆಲಕ್ಕೆ ಇಂಗಿಸಿ ಎರಡು ಬೇಸಿಗೆ ಒರತೆಯನ್ನು ಗಮನಿಸಿ ನೋಡಿ ಎನ್ನುತ್ತೇನೆ. ಮನೆಯ ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇದ್ದು, ಗುಡ್ಡದ ಇಳಿಜಾರು ಕಡಿದಾಗಿದ್ದರೆ ಮಾತ್ರ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಲೇಬೇಡಿ. ನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಮಲೆನಾಡಿನವರು ಯಾರೂ ಮರೆತಿಲ್ಲ.

ತೊಟ್ಟಿಯನ್ನು ತುಂಬುವ ಕಾಲವನ್ನು ನೀವೇ ಆರಿಸಿಕೊಳ್ಳಬಹುದು, ಬಯಲುಸೀಮೆಯವರಿಗೆ ಈ ಅನುಕೂಲವಿಲ್ಲ. ಜೂನ್ ಜುಲೈ ನೀರು ಹರಿದು ಹೋಗಲಿ. ಅಷ್ಟು ಹೊತ್ತಿಗೆ ಮಾಡು ತೊಳೆದು ಸ್ವಚ್ಛವಾಗಿರುತ್ತದೆ. ಸೆಪ್ಟೆಂಬರಿನಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆದು, ಅಕ್ಟೋಬರಿನ ಹಸ್ತ, ಚಿತ್ತ ಮಳೆಗಳ ನೀರನ್ನು ತುಂಬಿ ಮುಚ್ಚಿಡಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನಿಮಗೆ ಮುಖ್ಯವಾದ ಒಂದು ಮಾತಿದೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ಎತ್ತರದ ಗೊನೆಗಳಿಗೆ ಸಿಂಪಡಿಸುವಾಗ ತೋಟದ ನಡುವಿನ ಮಾಡಿನ ಮೇಲೆ ಅದು ಬೀಳದೆ ಇರದು. ಮಳೆಗಾಲದ ಆರಂಭದಲ್ಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಔಷಧಿ ಹೊಡೆದಾಗಲೂ ಅದಾದ ಮೇಲಿನ ಹಲವು ದೊಡ್ಡ ಮಳೆಗಳನ್ನು ತೊಟ್ಟಿಗೆ ಬಿಡಬೇಡಿ. ಅಕ್ಟೋಬರಿನಲ್ಲಿ ತುಂಬಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಹಂಚಿನ ಪಾಚಿಯನ್ನು ಬೇಸಿಗೆಯಲ್ಲಿ ಒಣಗಿದಾಗ ಗಟ್ಟಿ ಪೊರಕೆಯಿಂದ ಉಜ್ಜಿ ತೆಗೆಯಿರಿ, ಅದಕ್ಕೂ ಮೈಲುತುತ್ತ ಹಾಕುವ ಅಭ್ಯಾಸ ಬೇಡ. ಮಾಡಿನ ಅಂಚಿನಲ್ಲಿ ನೀರು ಹಿಡಿಯಲು ಕಟ್ಟುವ ಅಡಿಕೆ ಮರದ ದಬ್ಬೆಯ ದೋಣಿ ಸ್ನಾನದ ನೀರಿಗಾದರೆ ಅಡ್ಡಿಯಿಲ್ಲ. ಕುಡಿಯುವ ನೀರಿಗೆ ಅದರ ಕೊಳೆತ ನಾರು ಬಣ್ಣವನ್ನೂ ವಾಸನೆಯನ್ನೂ ಬಿಡುತ್ತದೆ. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ನೂರು ಅಡಿಗೆ ಒಂದು ಅಡಿ ಇಳುವಾಗಿ ಕಟ್ಟಿಕೊಳ್ಳಿ.

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ನಾವು ಮಳೆನೀರು ಹಿಡಿಯಬಹುದೇ?

ಉತ್ತರ: ಮಣ್ಣಿನ ಮಾಳಿಗೆಯಿಂದ ಕುಡಿಯುವ ನೀರು ಹಿಡಿಯಲಾಗದು. ಬಿದ್ದ ಮಳೆಯಲ್ಲಿ ಹೆಚ್ಚಿನದನ್ನು ಮಣ್ಣೇ ಹೀರುತ್ತದೆ, ಇಳಿಯುವುದು ಕೆಂಪು ರಾಡಿ. ಹಾಗೆಂದು ತಂಪಾದ ಮಾಳಿಗೆಯನ್ನು ಕೆಡವಿ ತಾರಸಿ ಹಾಕಿ ಎಂದು ನಾನು ಹೇಳಲಾರೆ. ನಿಮ್ಮ ಸೀಮೆಯ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಮನೆಯ ಪಕ್ಕದಲ್ಲಿ ಎಂಟು ಕಂಬ ನೆಟ್ಟು ಬಣ್ಣವಿಲ್ಲದ ಹೊಸ ಜಿಂಕ್ ಶೀಟಿನ ಚಪ್ಪರ ಹಾಕಿಕೊಳ್ಳಿ. 40 ಚದರ ಮೀಟರಿನ ಚಪ್ಪರ, 400 ಮಿಲಿಮೀಟರ್ ಮಳೆಯಲ್ಲಿ, ಶೇಕಡಾ 90ರಂತೆ 14,400 ಲೀಟರ್ ಕೊಡುತ್ತದೆ. ನಾಲ್ಕೈದು ಜನರ ಅಡುಗೆಮನೆಗೆ ಅದು ಸಾಕು. ಚಪ್ಪರದ ಕೆಳಗೆ ಗಾಡಿ, ಮೇವು, ಸಲಕರಣೆ ಇಡಬಹುದು. ಅಡುಗೆಯ ಹೊಗೆ ಮಾತ್ರ ಅದರ ಮೇಲೆ ಕೂರದಂತೆ ಜಾಗ ನೋಡಿ.

ಹೊಲದಲ್ಲಿ ಹಾಸುಬಂಡೆ ಇದ್ದವರು ಅದರ ಮೇಲೆ ಬೀಳುವ ಮಳೆಯನ್ನೂ ಬಳಸಿಕೊಳ್ಳಬಹುದು. ನಿಮ್ಮ ಜಿಲ್ಲೆಯ ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಮೇಲಿನ ಮಳೆಯನ್ನು ಹೊಂಡಗಳಲ್ಲಿ ಹಿಡಿದು, ಮೇಲಿನದು ತುಂಬಿದಾಗ ಕೆಳಗಿನದಕ್ಕೆ ಹರಿಯುವಂತೆ ಕಟ್ಟಿದ್ದನ್ನು ಇಂದಿಗೂ ನೋಡಬಹುದು. ಬಂಡೆಯ ಕೆಳ ಅಂಚಿನಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರನ್ನು ಒಂದು ಮೂಲೆಗೆ ತಿರುಗಿಸಿದರೆ ಕೆಲಸವಾಗುತ್ತದೆ. ಆದರೆ ಕುರಿ ಮೇಕೆ ಓಡಾಡುವ ಬಂಡೆಯ ನೀರು ದನಕ್ಕೂ ಬಟ್ಟೆಗೂ ಇರಲಿ, ಕುಡಿಯಲು ಬೇಡ. ಕೃಷಿಹೊಂಡದ ನೀರಿಗೂ ಇದೇ ಮಾತು.

ಪ್ರಶ್ನೆ: ನಾವು ಗುಡಿಬಂಡೆ ಹತ್ತಿರದವರು. ಎರಡು ವರ್ಷದಿಂದ ಮಳೆನೀರು ಕುಡಿಯುತ್ತಿದ್ದೇವೆ. ನಮ್ಮ ಅತ್ತೆಯವರು, ಮಳೆನೀರಿನಲ್ಲಿ ಸತ್ವವಿಲ್ಲ, ಮೂಳೆ ಸವೆಯುತ್ತದೆ ಎನ್ನುತ್ತಾರೆ. ತಿಂಗಳುಗಟ್ಟಲೆ ನಿಂತ ನೀರು ಕೆಡುವುದಿಲ್ಲವೇ? ಕುದಿಸಲೇಬೇಕೇ?

ಉತ್ತರ: ನಿಮ್ಮ ಅತ್ತೆಯವರ ಆತಂಕಕ್ಕೆ ಬುಡವಿಲ್ಲದೆ ಇಲ್ಲ. ಮಳೆನೀರಿನಲ್ಲಿ ಖನಿಜಗಳು ತೀರ ಕಡಿಮೆ ಎಂಬುದು ನಿಜ. ಆದರೆ ನಮ್ಮ ಮೂಳೆಗೆ ಬೇಕಾದ ಸುಣ್ಣದಂಶ ಬರುವುದು ಮುಖ್ಯವಾಗಿ ಊಟದಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಉಣ್ಣುವ ಮನೆಯಲ್ಲಿ ನೀರಿನಿಂದ ಸಿಗದ ಖನಿಜದ ಕೊರತೆ ಎದ್ದು ಕಾಣುವುದಿಲ್ಲ. ಅದಕ್ಕೆ ಬದಲಾಗಿ, ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರೇ ನಿಮ್ಮ ಸೀಮೆಯಲ್ಲಿ ಮೂಳೆಗಳನ್ನು ಕೆಡಿಸುತ್ತಿರುವುದು. ಇದನ್ನು ಹಿರಿಯರಿಗೆ ಸಮಾಧಾನದಿಂದ ವಿವರಿಸಿ ಹೇಳಿ.

ಬೆಳಕು, ಧೂಳು, ಸೊಳ್ಳೆ ಈ ಮೂರೂ ಒಳಹೋಗದ ತೊಟ್ಟಿಯಲ್ಲಿ ನೀರು ಆರೆಂಟು ತಿಂಗಳು ಕೆಡದೆ ಇರುತ್ತದೆ. ಪಾಚಿ ಬೆಳೆಯಲು ಬೆಳಕು ಬೇಕು, ಕತ್ತಲಲ್ಲಿ ಅದು ಬೆಳೆಯದು. ನೀರು ನಾತ ಹೊಡೆಯುತ್ತಿದ್ದರೆ ಎಲೆಯೋ ಹಲ್ಲಿಯೋ ಒಳಗೆ ಬಿದ್ದು ಕೊಳೆಯುತ್ತಿದೆ ಎಂದರ್ಥ. ಅಂಥ ಸಂದರ್ಭದಲ್ಲಿ ಔಷಧಿ ಹಾಕಿ ಸುಧಾರಿಸದೆ ತೊಟ್ಟಿಯನ್ನು ಖಾಲಿ ಮಾಡಿ ತೊಳೆಯಿರಿ.

ಕುದಿಸುವ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಾರೆ. ಹಕ್ಕಿಯ ಹಿಕ್ಕೆಯಿಂದ ಬರುವ ರೋಗಾಣುಗಳನ್ನು ಮರಳು ಪೂರ್ತಿಯಾಗಿ ತಡೆಯದು. ನೀರು ತಿಳಿಯಾಗಿದೆ ಎಂಬುದು ಅದು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕುಡಿಯುವ ನೀರನ್ನು ಉಕ್ಕಿ ಕುದಿಯುವವರೆಗೆ ಕಾಯಿಸಿ, ಒಂದು ನಿಮಿಷ ಹಾಗೆಯೇ ಕುದಿಯಲು ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಹಸುಗೂಸು, ಬಸುರಿ, ಬಾಣಂತಿ, ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಒಂದು ದಿನವೂ ತಪ್ಪಿಸಬಾರದು. ಅಡುಗೆಯ ನೀರು ಹೇಗೂ ಕುದಿಯುತ್ತದೆ.

ಇಡೀ ತೊಟ್ಟಿಯನ್ನು ಶುದ್ಧೀಕರಿಸಬೇಕಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ 10,000 ಲೀಟರ್ ತುಂಬಿದ ತೊಟ್ಟಿಗೆ 25 ಗ್ರಾಂ ಬೇಕು. ತೂಗಿ ಹಾಕಿ, ಅಂದಾಜಿನಲ್ಲಿ ಹಾಕಬೇಡಿ. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು ಕಲಕಿ, ಕನಿಷ್ಠ ಒಂದು ಗಂಟೆ ಬಿಟ್ಟು ಬಳಸಿ. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಸದನ್ನೇ ತನ್ನಿ. ಹಾಕಿದ ಕ್ಲೋರಿನ್ ಕೆಲವು ದಿನಗಳಲ್ಲಿ ತೀರಿಹೋಗುತ್ತದೆ, ಒಮ್ಮೆ ಹಾಕಿದ್ದು ಬೇಸಿಗೆಯವರೆಗೆ ಕಾಯುವುದಿಲ್ಲ. ಆದ್ದರಿಂದ ನಿತ್ಯದ ಕಾವಲಿಗೆ ಕುದಿಸುವುದನ್ನೇ ನಂಬಬೇಕು.

ಪರೀಕ್ಷಿಸಿ ನೋಡುವ ಮನಸ್ಸಿದ್ದರೆ ಹೈಡ್ರೋಜನ್ ಸಲ್ಫೈಡ್ ಬಾಟಲಿಯ ಪರೀಕ್ಷೆ ಬಹಳ ಸುಲಭ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿ ಮಂಜ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ವಿಧಾನವಿದು. ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸೋಂಕು ಇರುವ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಕುರಿತು ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ವರ್ಷಕ್ಕೆರಡು ಸಲ, ತೊಟ್ಟಿ ತುಂಬಿದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡಿಕೊಂಡರೆ ಸಾಕು.

ಪ್ರಶ್ನೆ: ತೊಟ್ಟಿಯಲ್ಲಿ ಸೊಳ್ಳೆಮರಿ ಕಾಣಿಸಿಕೊಂಡಿವೆ. ಗಪ್ಪಿ ಮೀನು ಬಿಡಬಹುದೇ? (ಸಿರಾ ತಾಲ್ಲೂಕಿನ ಓದುಗರು)

ಉತ್ತರ: ಕುಡಿಯುವ ನೀರಿನ ತೊಟ್ಟಿಗೆ ಬೇಡ. ಮೀನು ಬದುಕುವುದೂ ಹಿಕ್ಕೆ ಹಾಕುವುದೂ ಅದೇ ನೀರಿನಲ್ಲಿ. ಮರಿ ಕಾಣಿಸಿದೆ ಎಂದರೆ ಸೊಳ್ಳೆ ಒಳಗೆ ಹೋಗುವ ದಾರಿ ಎಲ್ಲೋ ಇದೆ, ಅದನ್ನು ಹುಡುಕಿ. ಸಾಮಾನ್ಯವಾಗಿ ಗಾಳಿ ಕೊಳವೆ, ಹೆಚ್ಚಿನ ನೀರು ಹೊರಹೋಗುವ ಪೈಪು ಮತ್ತು ಸರಿಯಾಗಿ ಕೂರದ ಮುಚ್ಚಳ ಈ ಮೂರರಲ್ಲಿ ಒಂದಾಗಿರುತ್ತದೆ. ಮೂರಕ್ಕೂ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿದು ಕಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಖಾಲಿ ಮಾಡದೆ ಬಿಟ್ಟ ಮೊದಲ ಮಳೆಯ ಡ್ರಮ್ಮನ್ನೂ ದೋಣಿಯ ತಗ್ಗುಗಳಲ್ಲಿ ನಿಂತ ನೀರನ್ನೂ ಮರೆಯದೆ ನೋಡಿ.

ಪ್ರಶ್ನೆ: ಹಳೆಯ ಕಲ್ನಾರು ಶೀಟಿನ ಮನೆಯಿಂದ ನೀರು ಹಿಡಿಯಬಹುದೇ? ಹೊಸದಾಗಿ ಕಟ್ಟಿದ ಸಿಮೆಂಟ್ ತೊಟ್ಟಿಯನ್ನು ಯಾವಾಗಿನಿಂದ ಬಳಸಬಹುದು? (ಕೊರಟಗೆರೆ ತಾಲ್ಲೂಕಿನ ಓದುಗರು)

ಉತ್ತರ: ಕಲ್ನಾರಿನ ಎಳೆಗಳು ನೀರಿನೊಡನೆ ಹೊಟ್ಟೆಗೆ ಹೋಗುವುದರಿಂದ ಹಾನಿಯಾಗುತ್ತದೆ ಎಂಬುದಕ್ಕೆ ಖಚಿತವಾದ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಧೂಳನ್ನು ಉಸಿರಾಡುವುದು ಮಾತ್ರ ಶ್ವಾಸಕೋಶಕ್ಕೆ ನಿಶ್ಚಯವಾಗಿ ಅಪಾಯಕಾರಿ. ಆದ್ದರಿಂದ ಅಂಥ ಶೀಟನ್ನು ತೊಳೆಯಲೆಂದು ಉಜ್ಜಬಾರದು, ದೋಣಿ ಕಟ್ಟಲೆಂದು ಕೊರೆಯಬಾರದು. ಉಜ್ಜಿ ತೊಳೆಯಲಾಗದ ಮಾಡಿನಿಂದ ಕುಡಿಯುವ ನೀರು ಹಿಡಿಯುವುದನ್ನು ನಾನು ಸೂಚಿಸುವುದಿಲ್ಲ. ಪುಡಿಯಾಗುತ್ತಿರುವ ಹಳೆಯ ಶೀಟಾದರೆ ಆ ನೀರು ಗಿಡಗಳಿಗಿರಲಿ, ಕುಡಿಯುವುದಕ್ಕೆ ಚಳ್ಳಕೆರೆಯವರಿಗೆ ಹೇಳಿದ ಜಿಂಕ್ ಶೀಟಿನ ಚಪ್ಪರ ನಿಮಗೂ ಆಗುತ್ತದೆ.

ಹೊಸ ತೊಟ್ಟಿಗೆ ಒಳಗಿನ ಗಾರೆಯಾದ ಮೇಲೆ ಎರಡು ವಾರ ತೇವ ಆರದಂತೆ ನೀರು ಉಣಿಸಿ. ಬಳಿಕ ತುಂಬಿಸಿ, ಒಂದು ವಾರ ನಿಲ್ಲಿಸಿ, ನೀರಿನ ಮಟ್ಟ ಇಳಿಯುತ್ತದೆಯೇ ಎಂದು ಗುರುತು ಹಾಕಿ ನೋಡಿ. ಮಳೆನೀರು ಮೆದುವಾಗಿದ್ದು ತುಸು ಹುಳಿಗುಣದ್ದಾದ್ದರಿಂದ ಹೊಸ ಸಿಮೆಂಟಿನಿಂದ ಸುಣ್ಣವನ್ನು ಎಳೆದುಕೊಳ್ಳುತ್ತದೆ. ಮೊದಲು ತುಂಬಿದ ನೀರು ಒಗರಾಗಿ, ಸೋಪಿನಂತೆ ಜಾರುವ ಗುಣದ್ದಾಗಿ ಇರುವುದು ಇದರಿಂದಲೇ. ಆ ನೀರನ್ನು ಬಟ್ಟೆ ಒಗೆಯಲು, ಅಂಗಳಕ್ಕೆ ಬಳಸಿ ಖಾಲಿ ಮಾಡಿ, ಒಳಗೋಡೆಯನ್ನು ಪೊರಕೆಯಿಂದ ಉಜ್ಜಿ ತೊಳೆದು ಮತ್ತೆ ತುಂಬಿ. ಎರಡನೆಯ ಸಲವೂ ಒಗರು ಉಳಿದಿದ್ದರೆ ಇನ್ನೊಮ್ಮೆ ಹಾಗೆಯೇ ಮಾಡಿ. ನಿಮ್ಮ ಕಡೆ ಮುಂಗಾರಿನ ಮಳೆಗಳನ್ನು ಈ ತೊಳೆತಕ್ಕೆ ಬಳಸಿಕೊಂಡರೆ, ಸೆಪ್ಟೆಂಬರಿನ ದೊಡ್ಡ ಮಳೆಗಳ ಹೊತ್ತಿಗೆ ತೊಟ್ಟಿ ಕುಡಿಯುವ ನೀರಿಗೆ ಸಿದ್ಧವಾಗಿರುತ್ತದೆ.